ಹಳೆಯ ಎಲೆಕ್ಟ್ರಿಕ್ ಗಿಟಾರ್: ಬಾಗಿದ ನೆಕ್, ಸವೆದ ಫ್ರೆಟ್, ಕರಕರ ಎನ್ನುವ ನಾಬ್

ಪ್ರಶ್ನೆ: ಒಂದು ವರ್ಷದಿಂದ ಅಕೂಸ್ಟಿಕ್ ಗಿಟಾರ್ ಕಲಿಯುತ್ತಿದ್ದೇನೆ. ಈಗ ಬಳಸಿದ ಎಲೆಕ್ಟ್ರಿಕ್ ಗಿಟಾರೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದೇನೆ. ಸುಮಾರು ಇಪ್ಪತ್ತು ವರ್ಷ ಹಳೆಯದು, ಸ್ಟ್ರ್ಯಾಟೊಕ್ಯಾಸ್ಟರ್ ಮಾದರಿ, ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ, ಒಂದೇ ಸುರುಳಿಯ ಭಾಗ), ರೋಸ್‌ವುಡ್ ಫ್ರೆಟ್‌ಬೋರ್ಡ್, ಟ್ರೆಮೊಲೊ ಬ್ರಿಡ್ಜ್ (ಕೋಲಿನಿಂದ ಅಲುಗಿಸಿ ಸ್ವರ ಏರಿಳಿಸುವ, ತಂತಿಗಳ ಬುಡದ ಆಧಾರ). ಆರು ವರ್ಷಗಳಿಂದ ಅದು ಪೆಟ್ಟಿಗೆಯಲ್ಲೇ ಇತ್ತಂತೆ. ನೆಕ್, ಅಂದರೆ ಗಿಟಾರಿನ ಉದ್ದನೆಯ ಕೊರಳು, ಸ್ವಲ್ಪ ಬಾಗಿದೆ. ಅದರ ಮೇಲಿನ ಅಡ್ಡ ಲೋಹಪಟ್ಟಿಗಳಾದ ಫ್ರೆಟ್‌ಗಳಲ್ಲಿ ಮೊದಲ ಕೆಲವಕ್ಕೆ ತಂತಿಯ ಗುರುತು ಬಿದ್ದಿದೆ. ಹದಿನಾಲ್ಕನೆಯ ಫ್ರೆಟ್ಟಿನಲ್ಲಿ ಮೊದಲ ತಂತಿಯನ್ನು ಒತ್ತಿ ಪಕ್ಕಕ್ಕೆ ಎಳೆದರೆ ಸ್ವರ ಸತ್ತುಹೋಗುತ್ತದೆ. ವಾಲ್ಯೂಮ್ ನಾಬ್ ತಿರುಗಿಸಿದರೆ ಕರಕರ ಸದ್ದು. ಮಾಲೀಕರು ಇವೆಲ್ಲ ಚಿಕ್ಕಪುಟ್ಟವು, ಹಳೆಯ ಮರವಾದ್ದರಿಂದ ನಾದ ಇನ್ನೂ ಚೆನ್ನಾಗಿದೆ, ಸೀರಿಯಲ್ ನಂಬರ್ ಕೂಡ ತಾಳೆಯಾಗುತ್ತದೆ ಎನ್ನುತ್ತಾರೆ. ನನ್ನ ಗೆಳೆಯರೊಬ್ಬರು ನೆಕ್ ಬಾಗಿದ ಗಿಟಾರನ್ನು ಮುಟ್ಟಲೇಬೇಡ ಎನ್ನುತ್ತಾರೆ. ಯಾರ ಮಾತು ಸರಿ? ಕೊಂಡರೆ ಅದನ್ನು ನೋಡಿಕೊಳ್ಳುವುದು ಹೇಗೆ?

ಉತ್ತರ: ನೀವು ಹಲವು ಸಂಗತಿಗಳನ್ನು ಬರೆದಿದ್ದರೂ ನಿಮ್ಮ ಆತಂಕ ಒಂದೇ ಎಂದು ತೋರುತ್ತದೆ. ಮಾಲೀಕರು ಚಿಕ್ಕದೆನ್ನುವ ದೋಷಗಳಲ್ಲಿ ನಿಜವಾಗಿಯೂ ಚಿಕ್ಕದು ಯಾವುದು, ಚಿಕ್ಕದರಂತೆ ಕಾಣುವ ದೊಡ್ಡದು ಯಾವುದು ಎಂಬುದು ನಿಮಗೆ ತಿಳಿಯಬೇಕಾಗಿದೆ. ಗಿಟಾರ್ ರಿಪೇರಿಯನ್ನೇ ಕಸುಬಾಗಿಸಿಕೊಂಡ ನನ್ನಂಥವರಿಗೆ ಇವೆರಡರ ನಡುವಿನ ಗೆರೆ ಸಾಕಷ್ಟು ಸ್ಪಷ್ಟ. ಸ್ಕ್ರೂ ಡ್ರೈವರ್, ಅಲೆನ್ ಕೀ, ಸೋಲ್ಡರಿಂಗ್ ಐರನ್ ಇಷ್ಟರಿಂದ ಸರಿಹೋಗುವುದೆಲ್ಲ ಚಿಕ್ಕದು. ಮರವನ್ನೋ ಫ್ರೆಟ್ಟಿನ ಲೋಹವನ್ನೋ ಹೊಸದಾಗಿ ಮಾಡಬೇಕಾಗಿ ಬಂದರೆ ಅದು ದೊಡ್ಡದು. ಹೀಗೆ ನೋಡಿದರೆ ನೀವು ಹೇಳಿದ ಗಿಟಾರಿನಲ್ಲಿ ಕರಕರ ಸದ್ದು ಮೊದಲ ಗುಂಪಿಗೆ ಸೇರುತ್ತದೆ. ನೆಕ್ ಮತ್ತು ಫ್ರೆಟ್ ಯಾವ ಗುಂಪಿಗೆ ಸೇರುತ್ತವೆಂಬುದನ್ನು ಗಿಟಾರನ್ನು ಕೈಯಲ್ಲಿ ಹಿಡಿದೇ ಹೇಳಬೇಕು. ಆ ಪರೀಕ್ಷೆಯನ್ನು ನೀವೇ ಮಾಡಬಹುದು.

ನೆಕ್ಕಿನಿಂದ ಆರಂಭಿಸೋಣ, ಏಕೆಂದರೆ ಗಿಟಾರಿನ ಉಳಿದ ಭಾಗವೆಲ್ಲ ಒಂದು ತೂಕವಾದರೆ ಅದೇ ಒಂದು ತೂಕ. ನಿಮ್ಮ ಗೆಳೆಯರ ಮಾತು ಅರ್ಧ ಸತ್ಯ. ಎಲೆಕ್ಟ್ರಿಕ್ ಗಿಟಾರಿನ ನೆಕ್ ಗೀಟು ಎಳೆದಂತೆ ನೆಟ್ಟಗಿರಬಾರದು, ಸ್ವಲ್ಪ ಬಾಗಿರಲೇಬೇಕು. 10-46 ದಪ್ಪದ (ಇಂಚಿನ ಸಾವಿರದೊಂದು ಭಾಗದ ಲೆಕ್ಕದಲ್ಲಿ) ಆರು ತಂತಿಗಳನ್ನು ಸಾಮಾನ್ಯ ಶ್ರುತಿಗೆ ಏರಿಸಿದಾಗ ಅವು ಒಟ್ಟಾಗಿ ಸುಮಾರು 45 ಕಿಲೋ ಭಾರದಷ್ಟು ಬಲದಿಂದ ನೆಕ್ಕನ್ನು ಮುಂದಕ್ಕೆ ಎಳೆಯುತ್ತವೆ. ಇದಕ್ಕೆ ಎದುರಾಗಿ ನಿಲ್ಲಲೆಂದೇ ನೆಕ್ಕಿನ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ. ಹೊಂದಿಸಬಹುದಾದ ಇಂಥ ಸರಳಿಗೆ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಪೇಟೆಂಟ್ ಪಡೆದದ್ದು 1923ರಲ್ಲಿ. ಮೀಟಿದ ತಂತಿ ತನ್ನ ಉದ್ದದ ಮಧ್ಯದಲ್ಲಿ ಹೆಚ್ಚು ಅಗಲವಾಗಿ ಕಂಪಿಸುವುದರಿಂದ ಅಲ್ಲಿ ಅದಕ್ಕೆ ಕೊಂಚ ಜಾಗ ಬೇಕು, ಆ ಜಾಗವನ್ನು ಕೊಡುವುದೇ ನೆಕ್ಕಿನ ಈ ಸಣ್ಣ ಬಾಗು.

ಅಳೆಯುವುದು ಸುಲಭ. ಆರನೆಯ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಒಂದು ಕೈಯಿಂದ, ನೆಕ್ ದೇಹಕ್ಕೆ ಸೇರುವ ಕಡೆಯ ಹದಿನೇಳನೆಯ ಫ್ರೆಟ್ಟಿನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ಆಗ ಬಿಗಿದ ತಂತಿಯೇ ನಿಮಗೆ ಅಳತೆಪಟ್ಟಿಯಾಗುತ್ತದೆ. ಏಳು ಅಥವಾ ಎಂಟನೆಯ ಫ್ರೆಟ್ಟಿನ ತಲೆಗೂ ತಂತಿಯ ಅಡಿಗೂ ನಡುವೆ 0.2ರಿಂದ 0.3 ಮಿ.ಮೀ. ಸಂದು ಇದ್ದರೆ, ಅಂದರೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ದರೆ, ಆ ನೆಕ್ಕಿನಲ್ಲಿ ದೋಷವೇ ಇಲ್ಲ. ಸಂದು ಒಂದು ಮಿ.ಮೀ. ಹತ್ತಿರವಿದ್ದರೂ ಗಾಬರಿ ಬೇಡ. ಆರು ವರ್ಷ ಪೆಟ್ಟಿಗೆಯಲ್ಲಿ ಯಾರೂ ಮುಟ್ಟದೆ ಉಳಿದ ಗಿಟಾರಿನಲ್ಲಿ ಇದು ನಿರೀಕ್ಷಿತವೇ. ಆದರೆ ಆಗ ಟ್ರಸ್ ರಾಡ್ ಕೆಲಸ ಮಾಡುತ್ತಿದೆಯೇ ಎಂದು ಕಣ್ಣಾರೆ ನೋಡದೆ ಹಣ ಕೊಡಬಾರದು.

ಮಾಲೀಕರ ಒಪ್ಪಿಗೆ ಪಡೆದು, ಸರಿಯಾದ ಅಳತೆಯ ಕೀ ಹಾಕಿ, ರಾಡಿನ ನಟ್ಟನ್ನು ಬಲಕ್ಕೆ ಸುತ್ತಿನ ಎಂಟರಲ್ಲೊಂದು ಭಾಗ ತಿರುಗಿಸಿ. ಮತ್ತೆ ಶ್ರುತಿ ಮಾಡಿ ಸಂದು ನೋಡಿ. ಸಂದು ಕಿರಿದಾದರೆ ರಾಡ್ ಜೀವಂತವಾಗಿದೆ. ಕೀ ಹಾಕಿದೊಡನೆ ನಟ್ ಕಲ್ಲಿನಂತೆ ಬಿಗಿಯಾಗಿದ್ದು, ಸಂದು ಇನ್ನೂ ದೊಡ್ಡದಾಗಿಯೇ ಉಳಿದಿದ್ದರೆ, ಹಿಂದಿನವರು ಯಾರೋ ರಾಡನ್ನು ಅದರ ಕೊನೆಯ ಮಿತಿಯವರೆಗೆ ಬಿಗಿದಿದ್ದಾರೆ ಎಂದರ್ಥ. ಬಲ ಹಾಕಬೇಡಿ. ಮುರಿದ ಟ್ರಸ್ ರಾಡನ್ನು ಹೊರತೆಗೆಯಬೇಕಾದರೆ ಬಹಳಷ್ಟು ಗಿಟಾರುಗಳಲ್ಲಿ ಫ್ರೆಟ್‌ಬೋರ್ಡನ್ನೇ ಕಿತ್ತು ತೆಗೆಯಬೇಕಾಗುತ್ತದೆ, ಅಷ್ಟು ಕೆಲಸಕ್ಕೆ ಅರ್ಹವಾದ ಗಿಟಾರುಗಳು ಕಡಿಮೆ. ಕೀ ಹಿಡಿಯದೆ ಜಾರುತ್ತಿದ್ದರೆ ನಟ್ಟಿನ ಮೂಲೆಗಳು ಸವೆದಿವೆ. ಅದೂ ಅಶುಭ ಸೂಚನೆಯೇ.

ಇನ್ನೊಂದು ಬಗೆಯ ಬಾಗು ಹಿಮ್ಮುಖದ್ದು. ಒತ್ತಿ ಹಿಡಿದ ತಂತಿ ಮಧ್ಯದ ಫ್ರೆಟ್‌ಗಳ ಮೇಲೆ ಪೂರ್ತಿ ಮಲಗಿದ್ದರೆ ನೆಕ್ ಬೆನ್ನಿನ ಕಡೆಗೆ ಬಾಗಿದೆ. ಹಳೆಯ ಮಾದರಿಯ ರಾಡ್ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವುದರಿಂದ, ಅದನ್ನು ಪೂರ್ತಿ ಸಡಿಲಿಸಿದ ಮೇಲೂ ಹಿಮ್ಮುಖದ ಬಾಗು ಉಳಿದರೆ ಹೆಚ್ಚು ದಪ್ಪದ ತಂತಿ ಹಾಕಿ ನೋಡುವುದನ್ನು ಬಿಟ್ಟರೆ ಸುಲಭದ ಉಪಾಯವಿಲ್ಲ. ಎರಡೂ ದಿಕ್ಕಿಗೆ ತಳ್ಳುವ ರಾಡ್ ಇದ್ದರೆ ಮಾತು ಬೇರೆ. ಕೊನೆಯದಾಗಿ ತಿರುಚು: ಬ್ರಿಡ್ಜ್ ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ಕಿನುದ್ದಕ್ಕೂ ನೋಡಿದಾಗ ಮೊದಲ ಫ್ರೆಟ್ಟೂ ಕೊನೆಯ ಫ್ರೆಟ್ಟೂ ಸಮಾಂತರವಾಗಿ ಕಾಣದಿದ್ದರೆ ನೆಕ್ ತಿರುಚಿಕೊಂಡಿದೆ, ಅದನ್ನು ಯಾವ ರಾಡೂ ನೆಟ್ಟಗೆ ಮಾಡಲಾರದು. ನಿಮ್ಮ ಗೆಳೆಯರ "ಮುಟ್ಟಬೇಡ" ಎಂಬ ಮಾತು ಅಕ್ಷರಶಃ ಅನ್ವಯಿಸುವುದು ಇಲ್ಲಿಗೆ.

ಇನ್ನು ಹದಿನಾಲ್ಕನೆಯ ಫ್ರೆಟ್ಟಿನಲ್ಲಿ ಸಾಯುವ ಸ್ವರ. ಮಾಲೀಕರು ಇದನ್ನು ತಂತಿ ಹಳೆಯದಾದ ಫಲವೆಂದು ಹೇಳಬಹುದು, ಆದರೆ ತಂತಿಗೂ ಇದಕ್ಕೂ ಸಂಬಂಧ ಬಹಳ ಕಡಿಮೆ. ಫ್ರೆಟ್‌ಬೋರ್ಡ್ ಚಪ್ಪಟೆಯಾಗಿರುವುದಿಲ್ಲ, ಅಗಲದಲ್ಲಿ ಕಮಾನಿನಂತೆ ಉಬ್ಬಿರುತ್ತದೆ. ಅಂಚಿನ ತಂತಿಯನ್ನು ಎಳೆದು ಉಬ್ಬಿನ ಮೇಲಕ್ಕೆ ತಂದಾಗ ಅದು ಮುಂದಿನ ಫ್ರೆಟ್‌ಗಳಿಗೆ ಹತ್ತಿರವಾಗಿ ಅವುಗಳಿಗೆ ತಾಗುತ್ತದೆ, ಅಲ್ಲಿಗೆ ಸ್ವರ ನಿಲ್ಲುತ್ತದೆ. ಸ್ಟ್ರ್ಯಾಟೊಕ್ಯಾಸ್ಟರ್ ತಯಾರಿಸುವ ಫೆಂಡರ್ ಕಂಪನಿಯ ಹಳೆಯ ವಿನ್ಯಾಸದಲ್ಲಿ ಈ ಕಮಾನಿನ ತ್ರಿಜ್ಯ 7.25 ಇಂಚು, ಅಂದರೆ 184 ಮಿ.ಮೀ.; ಅನಂತರದ ಅನೇಕ ಮಾದರಿಗಳಲ್ಲಿ 9.5 ಇಂಚು. ತ್ರಿಜ್ಯ ಚಿಕ್ಕದಾದಷ್ಟೂ ಉಬ್ಬು ಹೆಚ್ಚು, ಉಬ್ಬು ಹೆಚ್ಚಿದಷ್ಟೂ ಈ ತೊಂದರೆ ಹೆಚ್ಚು. ಬ್ರಿಡ್ಜಿನ ಮೇಲೆ ಮೊದಲ ತಂತಿ ಕೂರುವ ಸಣ್ಣ ತುಂಡನ್ನು, ಅಂದರೆ ಸ್ಯಾಡಲನ್ನು, ಅಲೆನ್ ಕೀಯಿಂದ ಅರ್ಧ ಸುತ್ತು ಮೇಲೆತ್ತಿ ಮತ್ತೆ ಎಳೆದು ನೋಡಿ. ಸ್ವರ ಬದುಕಿದರೆ ದೋಷ ಬರೀ ತಂತಿಯ ಎತ್ತರದ್ದು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಮೊದಲ ತಂತಿ ಸುಮಾರು 1.5 ಮಿ.ಮೀ., ಆರನೆಯದು ಸುಮಾರು 2 ಮಿ.ಮೀ. ಎತ್ತರದಲ್ಲಿದ್ದರೆ ಹೆಚ್ಚಿನವರಿಗೆ ಒಗ್ಗುತ್ತದೆ. ಅಕೂಸ್ಟಿಕ್ ಗಿಟಾರಿಗೆ ಒಗ್ಗಿದ ನಿಮ್ಮ ಬೆರಳುಗಳಿಗೆ ಇದಕ್ಕಿಂತ ತುಸು ಹೆಚ್ಚೂ ಭಾರವೆನಿಸದು.

ಎತ್ತಿದ ಮೇಲೂ ಸ್ವರ ಸತ್ತರೆ ಎರಡು ಸಾಧ್ಯತೆಗಳಿವೆ. ಹದಿನೈದರಿಂದ ಹದಿನೆಂಟರವರೆಗಿನ ಯಾವುದೋ ಒಂದು ಫ್ರೆಟ್ ತನ್ನ ಸೀಳಿನಿಂದ ಎದ್ದಿರಬಹುದು. ಮೂರೇ ಫ್ರೆಟ್‌ಗಳನ್ನು ಮುಟ್ಟುವಷ್ಟು ಉದ್ದದ ನೇರವಾದ ಲೋಹಪಟ್ಟಿಯೊಂದನ್ನು ಅವುಗಳ ಮೇಲಿಟ್ಟಾಗ ಅದು ತಕ್ಕಡಿಯಂತೆ ಆಡಿದರೆ ನಡುವಿನ ಫ್ರೆಟ್ ಎತ್ತರದಲ್ಲಿದೆ. ಒಂದೇ ಫ್ರೆಟ್ಟಾದರೆ ಅದನ್ನು ಕೂರಿಸುವುದು ಅರ್ಧ ಗಂಟೆಯ ಕೆಲಸ. ಎರಡನೆಯ ಸಾಧ್ಯತೆಯಲ್ಲಿ, ನೆಕ್ ದೇಹಕ್ಕೆ ಸೇರುವ ಭಾಗವೇ ಮೇಲಕ್ಕೆ ಎದ್ದಿರುತ್ತದೆ. ಟ್ರಸ್ ರಾಡಿನ ಪ್ರಭಾವ ಅಲ್ಲಿಗೆ ಮುಟ್ಟುವುದಿಲ್ಲವಾದ್ದರಿಂದ ಫ್ರೆಟ್‌ಗಳನ್ನು ಅರದಿಂದ ತೀಡಿ ಮಟ್ಟ ಮಾಡಬೇಕಾಗುತ್ತದೆ.

ಮಟ್ಟ ಮಾಡುವ ಮಾತು ಬಂದಲ್ಲಿ ಫ್ರೆಟ್ಟಿನ ಸವೆತದ ಪ್ರಶ್ನೆಯೂ ಬರುತ್ತದೆ. ಮೊದಲ ಫ್ರೆಟ್‌ಗಳಲ್ಲಿ ಬಿದ್ದ ಗುರುತುಗಳನ್ನು ಉಗುರಿನಿಂದ ಸವರಿ ನೋಡಿ. ಕಣ್ಣಿಗೆ ಕಂಡರೂ ಉಗುರಿಗೆ ಸಿಗದ ಗುರುತು ಹೊಳಪಿನ ವ್ಯತ್ಯಾಸ ಮಾತ್ರ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಉಳಿದ ಫ್ರೆಟ್‌ಗಳನ್ನೆಲ್ಲ ಆ ಗುಳಿಯ ತಳದ ಮಟ್ಟಕ್ಕೆ ಇಳಿಸಿ, ಮತ್ತೆ ತಲೆಗಳನ್ನು ದುಂಡಗೆ ಮಾಡಬೇಕು. ಹೊಸ ಫ್ರೆಟ್ ಸಾಮಾನ್ಯವಾಗಿ ಒಂದು ಮಿ.ಮೀ. ಅಥವಾ ತುಸು ಹೆಚ್ಚು ಎತ್ತರವಿರುತ್ತದೆ. ಪ್ರತಿ ತೀಡುವಿಕೆಯೂ ಅದರ ಆಯುಷ್ಯದ ಒಂದು ಭಾಗವನ್ನು ತಿನ್ನುತ್ತದೆ. ತೀಡಿದ ಮೇಲೆ ಅರ್ಧ ಮಿ.ಮೀ. ಆಸುಪಾಸು ಮಾತ್ರ ಉಳಿಯುವಂತಿದ್ದರೆ ಬೆರಳು ಮರಕ್ಕೆ ತಾಗಿ ತಂತಿ ಎಳೆಯುವುದು ಕಷ್ಟವಾಗುತ್ತದೆ, ಆಗ ಎಲ್ಲ ಫ್ರೆಟ್‌ಗಳನ್ನೂ ಬದಲಿಸುವುದೊಂದೇ ದಾರಿ. ಕಡಿಮೆ ಬೆಲೆಯ ಗಿಟಾರಿನಲ್ಲಿ ಈ ಕೆಲಸದ ಕೂಲಿಯೇ ಗಿಟಾರಿನ ಬೆಲೆಯನ್ನು ಮುಟ್ಟಬಹುದು. ನಿಮ್ಮದು ವಾರ್ನಿಷ್ ಇಲ್ಲದ ರೋಸ್‌ವುಡ್ ಫ್ರೆಟ್‌ಬೋರ್ಡ್ ಆಗಿರುವುದು ಒಂದು ಸಮಾಧಾನ. ಲ್ಯಾಕರ್ ಹಚ್ಚಿದ ಮೇಪಲ್ ಆಗಿದ್ದರೆ ಫ್ರೆಟ್ ಬದಲಿಸಿದ ಮೇಲೆ ಲ್ಯಾಕರನ್ನೂ ಸರಿಪಡಿಸಬೇಕಾಗಿ ಕೂಲಿ ಇನ್ನೂ ಏರುತ್ತಿತ್ತು.

ಕರಕರ ಸದ್ದಿನ ಬಗ್ಗೆ ಮಾಲೀಕರ ಮಾತೇ ಸರಿ. ನಾಬಿನ ಕೆಳಗಿರುವ ಪೊಟೆನ್ಷಿಯೋಮೀಟರಿನ ಇಂಗಾಲದ ಪಟ್ಟಿಯ ಮೇಲೆ ಧೂಳು ಕೂತಿದೆ. ಎಲೆಕ್ಟ್ರಾನಿಕ್ ಉಪಕರಣಗಳಿಗೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರನ್ನು ಒಂದೆರಡು ಹನಿ ಒಳಗೆ ಬಿಟ್ಟು ನಾಬನ್ನು ಇಪ್ಪತ್ತು ಮೂವತ್ತು ಸಲ ತಿರುಗಿಸಿದರೆ ಬಹುಪಾಲು ಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಬೇಡ, ಅದು ಇನ್ನಷ್ಟು ಧೂಳನ್ನು ಕರೆದುಕೊಳ್ಳುತ್ತದೆ. ಹೋಗದಿದ್ದರೆ ಹೊಸ 250 ಕಿಲೋ ಓಮ್ ಪೊಟೆನ್ಷಿಯೋಮೀಟರ್ ಹಾಕಿಸುವುದು ಸಣ್ಣ ಖರ್ಚು. ಕೇಬಲ್ ಅಲುಗಿದಾಗ ಬರುವ ಸದ್ದು ಮಾತ್ರ ಕೇಬಲ್ ಚುಚ್ಚುವ ಜ್ಯಾಕಿನದು. ಅದರ ನಟ್ಟನ್ನು ಬಿಗಿಯುವಾಗ ಜ್ಯಾಕನ್ನು ಹಿಂದಿನಿಂದ ಹಿಡಿದುಕೊಳ್ಳದಿದ್ದರೆ ಒಳಗಿನ ತಂತಿ ತಿರುಚಿಕೊಂಡು ಕಿತ್ತುಬರುತ್ತದೆ. ಹಾಗೆ ಕಿತ್ತುಕೊಂಡು ನನ್ನ ಮೇಜಿಗೆ ಬರುವವರು ಎಂದೂ ಕಡಿಮೆಯಾಗಿಲ್ಲ.

ಪಿಕಪ್‌ಗಳನ್ನು ಕಿವಿಗಿಂತ ಮಲ್ಟಿಮೀಟರಿನಿಂದ ಪರೀಕ್ಷಿಸುವುದು ನಂಬಿಕೆಗೆ ಅರ್ಹ. ಗಿಟಾರಿಗೆ ಕೇಬಲ್ ಚುಚ್ಚಿ, ವಾಲ್ಯೂಮನ್ನು ಪೂರ್ತಿ ತೆರೆದು, ಕೇಬಲಿನ ಇನ್ನೊಂದು ತುದಿಯ ಮೊನೆಗೂ ಬುಡದ ಲೋಹಕ್ಕೂ ಮೀಟರಿನ ಎರಡು ಕಡ್ಡಿಗಳನ್ನು ಹಿಡಿಯಿರಿ. ಒಂದೊಂದು ಸಿಂಗಲ್ ಕಾಯಿಲ್ ಪಿಕಪ್ಪೂ ಸಾಮಾನ್ಯವಾಗಿ 5ರಿಂದ 7 ಕಿಲೋ ಓಮ್ ತೋರಿಸಬೇಕು. ಎರಡು ಪಿಕಪ್ ಒಟ್ಟಿಗೆ ದುಡಿಯುವ ಸ್ವಿಚ್ ಸ್ಥಾನಗಳಲ್ಲಿ ಅದರ ಅರ್ಧದಷ್ಟು. ಯಾವುದಾದರೊಂದು ಸ್ಥಾನದಲ್ಲಿ ಅಂಕಿ 250 ಕಿಲೋ ಓಮ್ ಹತ್ತಿರ ಹಾರಿದರೆ ಆ ಪಿಕಪ್ಪಿನ ಸುರುಳಿ ಕಡಿದಿದೆ ಅಥವಾ ಅದರ ವೈರ್ ಬಿಟ್ಟಿದೆ, ನಿಮಗೆ ಕಾಣುತ್ತಿರುವುದು ಬರಿಯ ಪೊಟೆನ್ಷಿಯೋಮೀಟರಿನ ಅಳತೆ. ಬ್ಯಾಟರಿ ಬಳಸುವ ಆ್ಯಕ್ಟಿವ್ ಪಿಕಪ್‌ಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಸಿಂಗಲ್ ಕಾಯಿಲ್ ಪಿಕಪ್ ಗುಂಯ್‌ಗುಡುವುದು ಅದರ ಹುಟ್ಟುಗುಣ. ವಿದ್ಯುತ್ ಲೈನಿನ 50 ಅಥವಾ 60 ಹರ್ಟ್ಸ್ ಕಂಪನವನ್ನು ಅದು ಹಿಡಿಯುತ್ತದೆ. ತಂತಿಗಳನ್ನು ಮುಟ್ಟಿದಾಗ ಗುಂಯ್‌ಗಾರ ಕಡಿಮೆಯಾದರೆ ಎಲ್ಲವೂ ಸರಿಯಿದೆ. ಜ್ಯಾಕಿನ ಲೋಹ ಮುಟ್ಟಿದಾಗ ಕಡಿಮೆಯಾಗಿ, ತಂತಿ ಮುಟ್ಟಿದಾಗ ಆಗದಿದ್ದರೆ ಬ್ರಿಡ್ಜಿಗೆ ಹೋಗುವ ಅರ್ಥ್ ವೈರ್ ಬಿಟ್ಟಿದೆ, ಅದು ಒಂದು ಬೆಸುಗೆಯ ಕೆಲಸ.

ಹಳೆಯ ಮರದ ನಾದದ ಬಗ್ಗೆ ನನಗೆ ಅನುಮಾನ ಮಾತ್ರವಲ್ಲ, ಸ್ವಲ್ಪ ಬೇಸರವೂ ಇದೆ, ಏಕೆಂದರೆ ಬೆಲೆ ಏರಿಸಲು ಬಳಕೆಯಾಗುವ ಮಾತುಗಳಲ್ಲಿ ಇದೇ ಮೊದಲನೆಯದು. ಪಿಕಪ್ ಮೈಕ್ರೊಫೋನಿನಂತೆ ಗಾಳಿಯ ಕಂಪನವನ್ನು ಕೇಳುವುದಿಲ್ಲ. ತನ್ನ ಅಯಸ್ಕಾಂತದ ಮುಂದೆ ಕಂಪಿಸುವ ಉಕ್ಕಿನ ತಂತಿಯನ್ನು ಮಾತ್ರ ಅದು ಗ್ರಹಿಸುತ್ತದೆ. ಮರಕ್ಕೆ ಪಾತ್ರವೇ ಇಲ್ಲವೆಂದು ನಾನು ವಾದಿಸುವುದಿಲ್ಲ, ಆದರೆ ಪಿಕಪ್ಪನ್ನು ಒಂದು ಮಿ.ಮೀ. ಮೇಲೆ ಕೆಳಗೆ ಮಾಡಿದರೆ ಆಗುವ ವ್ಯತ್ಯಾಸ ಇಪ್ಪತ್ತು ವರ್ಷದ ವಯಸ್ಸಿನಿಂದ ಆಗುವುದಕ್ಕಿಂತ ಹೆಚ್ಚು ಕೇಳಿಸುತ್ತದೆ. ಸ್ಟ್ರ್ಯಾಟೊಕ್ಯಾಸ್ಟರ್ ಮಾರುಕಟ್ಟೆಗೆ ಬಂದದ್ದು 1954ರಲ್ಲಿ. ಆ ದಶಕದ ಗಿಟಾರುಗಳಿಗೆ ಸಿಗುವ ಬೆಲೆ ಅವುಗಳ ಅಪರೂಪಕ್ಕೆ ಸಲ್ಲುವ ಬೆಲೆ. ಇಪ್ಪತ್ತು ವರ್ಷದ ಗಿಟಾರ್ ಅಪರೂಪದ್ದಲ್ಲ, ಬಳಸಿದ್ದು ಅಷ್ಟೆ.

ಸೀರಿಯಲ್ ನಂಬರ್ ತಾಳೆಯಾಗುವುದು ಒಳ್ಳೆಯದೇ, ಸಾಕ್ಷ್ಯವಾಗಿ ಮಾತ್ರ ಅದು ದುರ್ಬಲ. ನಕಲಿ ಮಾಡುವವರೂ ಅಸಲಿ ನಂಬರನ್ನೇ ಅಚ್ಚು ಹಾಕುತ್ತಾರೆ. ಮೇಲಾಗಿ ಬೋಲ್ಟ್ ಹಾಕಿದ ನೆಕ್ಕನ್ನು ಹತ್ತು ನಿಮಿಷದಲ್ಲಿ ಬದಲಿಸಬಹುದಾದ್ದರಿಂದ ಅಸಲಿ ನೆಕ್ ಬೇರೆಯದೇ ದೇಹದ ಮೇಲೆ ಕೂತಿರಬಹುದು. ದೇಹದ ಮುಂಭಾಗದ ತೆಳು ಹಲಗೆಯಾದ ಪಿಕ್‌ಗಾರ್ಡ್ ಬಿಚ್ಚಲು ಮಾಲೀಕರು ಒಪ್ಪಿದರೆ ಪೊಟೆನ್ಷಿಯೋಮೀಟರಿನ ಬೆನ್ನಿನ ಅಂಕಿಗಳನ್ನು ನೋಡಿ. ಅಮೆರಿಕದ ಹಳೆಯ ಬಿಡಿಭಾಗಗಳಲ್ಲಿ ಮೊದಲ ಮೂರು ಅಂಕಿ ತಯಾರಕರದು, ಸಿಟಿಎಸ್ ಕಂಪನಿಯದಾದರೆ 137; ಮುಂದಿನವು ವರ್ಷ ಮತ್ತು ವಾರ. 1377633 ಎಂದಿದ್ದರೆ 1976ರ 33ನೆಯ ವಾರ, ಮೂಲ ಬಿಡಿಭಾಗವೇ ಆಗಿದ್ದರೆ ಗಿಟಾರ್ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಎಲ್ಲ ಗಿಟಾರುಗಳಲ್ಲೂ ಇಂಥ ಅಂಕಿ ಇರುವುದಿಲ್ಲ. ನಿಮ್ಮ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಮೊದಲ ಖರೀದಿಯ ರಸೀದಿ ಅಥವಾ ಮಾಲೀಕರ ಹಳೆಯ ಫೋಟೊ, ಏಕೆಂದರೆ ಕದ್ದ ಮಾಲಿನ ಸೀರಿಯಲ್ ನಂಬರೂ ಸರಿಯಾಗಿಯೇ ತಾಳೆಯಾಗುತ್ತದೆ.

ನೀವು ಕೇಳದ ಒಂದು ವಿಷಯವನ್ನು ಸೇರಿಸುತ್ತೇನೆ. ನೆಕ್ಕಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಅಡ್ಡಪಟ್ಟಿಗೂ ನಟ್ ಎಂದೇ ಹೆಸರು. ಅದರ ಹಿಂದೆ, ಬಿರಡೆಗಳಿರುವ ತಲೆ ಅಂದರೆ ಹೆಡ್‌ಸ್ಟಾಕ್ ಆರಂಭವಾಗುವ ಜಾಗದಲ್ಲಿ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ಹಿಂದಕ್ಕೆ ವಾಲಿದ ಹೆಡ್‌ಸ್ಟಾಕ್ ಇರುವ ಗಿಬ್ಸನ್ ಮಾದರಿಗಳಲ್ಲಿ ಇದು ಬಹಳ ಸಾಮಾನ್ಯ. ನೀವು ನೋಡಿರುವಂಥ ನೇರ ಹೆಡ್‌ಸ್ಟಾಕಿನಲ್ಲಿ ಕಡಿಮೆ, ಆದರೂ ಅಸಾಧ್ಯವಲ್ಲ. ಈ ಕಸುಬಿಗೆ ಬರುವ ಮುಂಚೆ ನಾನೇ ಕೊಂಡ ಮೊದಲ ಬಳಸಿದ ಗಿಟಾರಿನಲ್ಲಿ ಅಂಥ ಬಿರುಕನ್ನು ಬಣ್ಣದಿಂದ ಮುಚ್ಚಿದ್ದರು. ಅದು ನನಗೆ ಗೊತ್ತಾದದ್ದು ಮೂರನೆಯ ತಿಂಗಳು, ತಂತಿ ಬಿಗಿಯುವಾಗ ಹೆಡ್‌ಸ್ಟಾಕ್ ಕೈಗೇ ಬಂದಾಗ. ಚೆನ್ನಾಗಿ ಅಂಟು ಹಾಕಿ ಕೂಡಿಸಿದ ಬಿರುಕಿನಿಂದ ನುಡಿಸುವುದಕ್ಕೆ ತೊಂದರೆಯಿಲ್ಲ, ಮಾರುವ ಬೆಲೆ ಮಾತ್ರ ಗಣನೀಯವಾಗಿ ಕುಸಿಯುತ್ತದೆ. ಅದನ್ನು ಹೇಳಿ ಮಾರುವುದು ವ್ಯಾಪಾರ, ಮುಚ್ಚಿ ಮಾರುವುದು ಬೇರೆಯೇ.

ಈಗ ನಿರ್ಧಾರಕ್ಕೆ ಬರೋಣ. ಟ್ರಸ್ ರಾಡ್ ಸ್ಪಂದಿಸಿ, ಫ್ರೆಟ್ಟಿನ ಗುರುತುಗಳು ಆಳವಿಲ್ಲದೆ, ಸ್ಯಾಡಲ್ ಎತ್ತಿದಾಗ ಸ್ವರ ಬದುಕಿದರೆ ಒಂದು ಸೆಟಪ್ಪಿನ (ನೆಕ್ಕಿನ ಬಾಗು, ತಂತಿಯ ಎತ್ತರ, ಸ್ವರ ಹೊಂದಿಸುವ ಕೆಲಸದ) ಕೂಲಿಯನ್ನು ಬೆಲೆಯಲ್ಲಿ ಮುರಿದುಕೊಂಡು ಕೊಳ್ಳಿ. ಫ್ರೆಟ್ ಮಟ್ಟ ಮಾಡಿಸಬೇಕಾಗಿ ಬಂದರೆ ಆ ಕೂಲಿ ಎಷ್ಟೆಂದು ರಿಪೇರಿ ಮಾಡುವವರಿಂದ ಮೊದಲೇ ಕೇಳಿ ತಿಳಿದುಕೊಂಡು ಚೌಕಾಸಿಗೆ ಕೂರಿ. ಅಂದಾಜಿನ ಮೇಲೆ ಮಾತಾಡಿದರೆ ನಷ್ಟ ನಿಮ್ಮದೇ. ಫ್ರೆಟ್ ಪೂರ್ತಿ ಬದಲಿಸಬೇಕಾದ ಸ್ಥಿತಿಯಲ್ಲಿ, ಬೇರಾವುದೋ ವಿಶೇಷ ಕಾರಣವಿಲ್ಲದಿದ್ದರೆ, ಬಿಟ್ಟುಬಿಡುವುದು ಲೇಸು. ರಾಡ್ ಮಿತಿ ಮುಟ್ಟಿದ್ದರೆ ಅಥವಾ ನೆಕ್ ತಿರುಚಿದ್ದರೆ ಯಾವ ಬೆಲೆಗೂ ಬೇಡ. ಬೋಲ್ಟ್ ಗಿಟಾರಿಗೆ ಬೇರೆ ನೆಕ್ ಹಾಕಬಹುದೆಂದು ಮಾಲೀಕರು ಹೇಳಬಹುದು, ಅದು ನಿಜವೇ. ಹಾಗಾದರೆ ನೀವು ದೇಹಕ್ಕೆ ಮಾತ್ರ ಬೆಲೆ ಕೊಡಬೇಕು.

ಕೊಂಡ ಮೇಲಿನ ಆರೈಕೆ ಅಷ್ಟೇನೂ ಕಷ್ಟವಲ್ಲ. ಮೊದಲ ದಿನವೇ ಹೊಸ ತಂತಿ ಹಾಕಿ. ಆರೂ ತಂತಿಗಳನ್ನು ಒಮ್ಮೆಲೇ ತೆಗೆದರೆ ನೆಕ್ ಕೆಡುತ್ತದೆಂಬ ಮಾತು ನಿಜವಲ್ಲ. ಒಂದೆರಡು ಗಂಟೆ ತಂತಿಯಿಲ್ಲದಿದ್ದರೆ ಏನೂ ಆಗುವುದಿಲ್ಲ, ಫ್ರೆಟ್‌ಬೋರ್ಡ್ ಒರೆಸಲು ಅದೇ ಸರಿಯಾದ ಸಮಯ. ರೋಸ್‌ವುಡ್ಡಿಗೆ ವರ್ಷಕ್ಕೆ ಒಂದೆರಡು ಸಲ ಫ್ರೆಟ್‌ಬೋರ್ಡ್ ಎಣ್ಣೆಯನ್ನು ತೆಳ್ಳಗೆ ಸವರಿ, ಐದು ನಿಮಿಷ ಬಿಟ್ಟು ಪೂರ್ತಿ ಒರೆಸಿಬಿಡಿ. ಟ್ರೆಮೊಲೊ ಬ್ರಿಡ್ಜ್ ಹಿಂದಿನ ಸ್ಪ್ರಿಂಗ್‌ಗಳ ಎಳೆತಕ್ಕೂ ತಂತಿಗಳ ಎಳೆತಕ್ಕೂ ನಡುವಿನ ತೂಕದಲ್ಲಿ ನಿಂತಿರುವುದರಿಂದ ತಂತಿಯ ದಪ್ಪ ಬದಲಿಸಿದರೆ ಬ್ರಿಡ್ಜ್ ವಾಲುತ್ತದೆ. ಒಂದು ದಪ್ಪವನ್ನು ಆರಿಸಿಕೊಂಡರೆ ಅದಕ್ಕೇ ಅಂಟಿಕೊಳ್ಳಿ. ಶ್ರುತಿ ನಿಲ್ಲದಿದ್ದರೆ ಎಲ್ಲರೂ ಮೊದಲು ಬಿರಡೆಗಳನ್ನು ದೂರುತ್ತಾರೆ, ತಪ್ಪು ಮಾತ್ರ ಹೆಚ್ಚಾಗಿ ನೆಕ್ಕಿನ ತುದಿಯ ನಟ್ಟಿನಲ್ಲಿ ತಂತಿ ಕೂರುವ ಸೀಳಿನದು. ತಂತಿ ಅಲ್ಲಿ ಸಿಕ್ಕಿಕೊಂಡು ಟಿಕ್ ಎಂದು ಬಿಡುತ್ತದೆ. ಪೆನ್ಸಿಲ್ಲಿನ ಸೀಸದ ಪುಡಿಯನ್ನು ಆ ಸೀಳಿಗೆ ಸವರಿದರೆ ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಸೆಟಪ್ ನೀವೇ ಮಾಡುವುದಾದರೆ ಕ್ರಮ ತಪ್ಪಿಸಬೇಡಿ: ಮೊದಲು ನೆಕ್ಕಿನ ಬಾಗು, ಆಮೇಲೆ ತಂತಿಯ ಎತ್ತರ, ಕೊನೆಗೆ ಸ್ವರದ ನಿಖರತೆ. ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ನಿಖರತೆಗೆ ಹನ್ನೆರಡನೆಯ ಫ್ರೆಟ್ಟಿನ ಹಾರ್ಮೋನಿಕ್ಕನ್ನೂ (ತಂತಿಯನ್ನು ಒತ್ತದೆ ಬರೀ ಸೋಕಿಸಿ ಮೀಟಿದಾಗ ಬರುವ ಸ್ವರ) ಅದೇ ಫ್ರೆಟ್ಟಿನಲ್ಲಿ ಒತ್ತಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ, ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ನೆಕ್ಕಿನಿಂದ ದೂರಕ್ಕೂ ಇಳಿದಿದ್ದರೆ ಹತ್ತಿರಕ್ಕೂ ಸರಿಸಬೇಕು. ಎಷ್ಟು ಸರಿಸಿದರೂ ಮೇಲಿನ ಸ್ವರಗಳು ಅಪಸ್ವರವಾಗಿ ಅಲೆಯುತ್ತಿದ್ದರೆ ಪಿಕಪ್‌ಗಳನ್ನು ಕೊಂಚ ಕೆಳಗಿಳಿಸಿ. ತೀರ ಹತ್ತಿರವಿರುವ ಅಯಸ್ಕಾಂತಗಳು ತಂತಿಯನ್ನೇ ಎಳೆದು ಅದರ ಕಂಪನವನ್ನು ಕೆಡಿಸುತ್ತವೆ. ಗಿಟಾರ್ ಇಡುವ ಕೋಣೆಯ ಆರ್ದ್ರತೆ 40ರಿಂದ 60 ಶೇಕಡಾ ಒಳಗಿರಲಿ. ಅದಕ್ಕಿಂತ ಒಣಗಿದರೆ ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಅಂಚಿನಲ್ಲಿ ಹೊರಚಾಚಿ ಕೈಗೆ ಚುಚ್ಚುತ್ತವೆ. ಆರು ವರ್ಷ ಪೆಟ್ಟಿಗೆಯಲ್ಲಿದ್ದ ನಿಮ್ಮ ಗಿಟಾರಿನಲ್ಲಿ ಇದು ಈಗಾಗಲೇ ಆಗಿರಲೂಬಹುದು, ನೆಕ್ಕಿನ ಎರಡೂ ಅಂಚುಗಳ ಮೇಲೆ ಅಂಗೈ ಜಾರಿಸಿ ನೋಡಿ. ಚುಚ್ಚಿದರೆ ಅದು ಸಣ್ಣ ಅರದ ಕೆಲಸವಷ್ಟೆ.

ನೋಡಲು ಹೋಗುವಾಗ ನಿಮ್ಮದೇ ಕೇಬಲ್, ಮಲ್ಟಿಮೀಟರ್, ಟ್ಯೂನರ್, ಅಲೆನ್ ಕೀಗಳು ಮತ್ತು ಒಂದು ಸೆಟ್ ಹೊಸ ತಂತಿ ಕೈಯಲ್ಲಿರಲಿ. ಹಣ ಕೊಡುವ ಮುಂಚೆ ಟ್ರೆಮೊಲೊ ಕೋಲು ಪೆಟ್ಟಿಗೆಯಲ್ಲಿದೆಯೇ ಎಂದು ಕೇಳಿ, ಇದ್ದರೆ ತಿರುಗಿಸಿ ಹಾಕಿ ನೋಡಿ. ಕೋಲು ಕೂರುವ ತೂತಿನ ತಿರುಪು ಕೆಲವು ಬ್ರಿಡ್ಜ್‌ಗಳಲ್ಲಿ ಇಂಚಿನ ಅಳತೆಯದು, ಕೆಲವುಗಳದು ಮಿ.ಮೀ. ಅಳತೆಯದು, ಕಳೆದುಹೋದ ಕೋಲಿಗೆ ಸರಿಹೊಂದುವ ಇನ್ನೊಂದನ್ನು ಹುಡುಕುವುದು ಮೇಲೆ ಹೇಳಿದ ಅರ್ಧಕ್ಕರ್ಧ ರಿಪೇರಿಗಳಿಗಿಂತ ಹೆಚ್ಚು ತಾಳ್ಮೆ ಬೇಡುತ್ತದೆ.